ಎತ್ತರ ತೋರಿಸುವ ಗಡಿಯಾರ

ಗಂಡ ಆಕಾಶದಿಂದ ಧುಮುಕುತ್ತಾನೆಂಬ ಸುದ್ದಿ ವೆಂಕಟರತ್ನಮ್ಮನಿಗೆ ಗೊತ್ತಾದದ್ದು ಸ್ಕೂಲಿನಲ್ಲಿ, ಹೆಡ್‌ಮಿಸ್ಟ್ರೆಸ್ ಬಾಯಿಂದ. ಗೌರಿಬಿದನೂರಿನಲ್ಲಿ ರಕ್ಷಣಾ ನಿಧಿಗೆ ದೊಡ್ಡ ಸಭೆಯಂತೆ, ನಿಮ್ಮ ಯಜಮಾನರು ಪ್ಯಾರಾಚೂಟಿನಲ್ಲಿ ಇಳಿಯುತ್ತಾರಂತೆ, ಎಂಥ ಧೈರ್ಯ ಅಂತ ಆಕೆ ಹೊಗಳಿದರು. ವೆಂಕಟರತ್ನಮ್ಮ ಮೊದಲೇ ಗೊತ್ತಿದ್ದವಳ ಹಾಗೆ ನಕ್ಕು ಕ್ಲಾಸಿಗೆ ಹೋದಳು. ಅವತ್ತು ಆರನೇ ಕ್ಲಾಸಿನ ಹುಡುಗಿಯರು ಕಾರಣವಿಲ್ಲದೆ ಬೈಸಿಕೊಂಡರು.

ಚನ್ನಕೇಶವ ಏರ್‌ಫೋರ್ಸಿನಲ್ಲಿ ಸಿಪಾಯಿಗಳಿಗೆ ಪ್ಯಾರಾಚೂಟಿನಿಂದ ಹಾರುವುದನ್ನು ಕಲಿಸುತ್ತಿದ್ದವನು. ಸರ್ವೀಸು ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಡ್ರಿಲ್ ಮೇಷ್ಟ್ರಾದ ಮೇಲೆ, ಇನ್ನು ಕಾಲು ನೆಲ ಬಿಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಸಂಜೆ ಅದನ್ನು ನೆನಪಿಸಿದಾಗ, ಯುದ್ಧ ಮುಗಿದ ವರ್ಷ ಇಂಥದ್ದಕ್ಕೆ ಆಗುವುದಿಲ್ಲ ಅನ್ನುವುದು ಹೇಗೆ ಎಂದು ಗೊಣಗಿದ. ಗಾಯದ ಮೇಲೆ ಬರೆ ಎಂಬಂತೆ, ಈ ಸಲ ಹಾರುವುದು ಹಳೆಯ ರೀತಿಯಲ್ಲಿ ಅಲ್ಲವಂತೆ. ಸೈನ್ಯದಲ್ಲಾದರೆ ವಿಮಾನಕ್ಕೆ ಕಟ್ಟಿದ ಹಗ್ಗವೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತಿತ್ತು. ಇಲ್ಲಿ ಕಲ್ಲಿನ ಹಾಗೆ ಸುಮ್ಮನೆ ಬೀಳುತ್ತಾ ಬಂದು, ನೆಲ ಇನ್ನೂ ಎರಡೂವರೆ ಸಾವಿರ ಅಡಿ ಕೆಳಗಿರುವಾಗ ತಾನೇ ಹಿಡಿ ಎಳೆದು ಬಿಚ್ಚಿಕೊಳ್ಳಬೇಕು. ಎಷ್ಟು ಎತ್ತರದಲ್ಲಿದ್ದೇನೆಂದು ಗೊತ್ತಾಗಲು ಆಲ್ಟಿಮೀಟರ್ ಬೇಕು.

ಆಲ್ಟಿಮೀಟರು ಒಂದಲ್ಲ, ಎರಡು ಬಂದವು. ಬೆಂಗಳೂರಿನ ವಿಮಾನದ ಕ್ಲಬ್ಬಿನವರು ಕೊಟ್ಟದ್ದು ಚಿಕ್ಕದು, ತೊಗಲು ಪಟ್ಟಿಯದು. ಇನ್ನೊಂದನ್ನು ಚನ್ನಕೇಶವ ಗುಜರಿಗೆ ಹೋದ ವಿಮಾನದಿಂದ ತಾನೇ ಬಿಚ್ಚಿಸಿ ತಂದಿದ್ದ. ಬೋಗುಣಿಯಷ್ಟು ದಪ್ಪ, ಕಪ್ಪು ಮುಖದ ಮೇಲೆ ದಪ್ಪ ಬಿಳಿ ಅಂಕಿ. ಅವನ ಮನಸ್ಸೆಲ್ಲ ಅದರ ಮೇಲೆ. ಕೆಂಚಾರ್ಲಹಳ್ಳಿಯಿಂದ ಬಂದಿದ್ದ ಅವನ ತಾಯಿ ಕದಿರಮ್ಮ ಅದನ್ನು ಗೂಟಕ್ಕೆ ತೂಗುಹಾಕಿಸಿ, ದಿನಕ್ಕೆ ನಾಲ್ಕು ಸಲ ಟೈಮೆಷ್ಟಪ್ಪಾ ಎಂದು ಕೇಳುತ್ತಿದ್ದಳು. ಇದು ಗಡಿಯಾರವಲ್ಲ ಅಂತ ಅವನು ಬಿಡಿಸಿ ಹೇಳುವನು. ಅವಳು ತಲೆಯಾಡಿಸಿ, ಹಾಗಾದರೆ ಕೀಲಿ ಕೊಟ್ಟಿಲ್ಲವೇನೋ ಅನ್ನುವಳು.

ಎರಡರಲ್ಲಿ ಯಾವುದು ನಿಜ ಹೇಳುತ್ತದೆಂದು ನೋಡಲು ಗಂಡ ಹೆಂಡತಿ ರೈಲಿನಲ್ಲಿ ನಂದಿಗೆ ಹೋಗಿ ಬೆಟ್ಟದ ಮೆಟ್ಟಿಲು ಹತ್ತಿದರು. ಬುಡದಲ್ಲಿ ಎರಡನ್ನೂ ಸೊನ್ನೆಗೆ ತಿರುಗಿಸಿದ್ದ. ಚಿಕ್ಕದರ ಮುಳ್ಳು ಅವರ ಜೊತೆ ನಯವಾಗಿ ಏರುತ್ತಾ ಬಂತು. ದೊಡ್ಡದು ಐನೂರಕ್ಕೆ ಕಚ್ಚಿಕೊಂಡು ನಿಂತುಬಿಟ್ಟಿತು. ಚನ್ನಕೇಶವ ಗಾಜಿನ ಮೇಲೆ ಬೆರಳಿನಿಂದ ಟಕ್ ಎಂದು ಬಡಿದ. ಮುಳ್ಳು ಒಂದೇ ನೆಗೆತಕ್ಕೆ ಚಿಕ್ಕದರ ಸಮಕ್ಕೆ ಬಂತು.

"ವಿಮಾನದಲ್ಲಿ ಇಂಜಿನ್ ಅದುರ್ತಿರುತ್ತೆ ಕಣೇ. ಅದಕ್ಕೇ ಅಲ್ಲಿ ಸರಿಯಾಗಿ ಓಡುತ್ತೆ" ಎಂದ.

"ನೀವು ಬೀಳೋವಾಗ ನಿಮ್ಮ ಇಂಜಿನ್ ಎಲ್ಲಿರುತ್ತೆ?"

ಅವನು ಮುಂದಿನ ಮೆಟ್ಟಿಲು ಹತ್ತಿದ. ತುದಿ ಮುಟ್ಟುವವರೆಗೆ ಪ್ರತಿ ತಿರುವಿನಲ್ಲೂ ಆ ಗಾಜನ್ನು ಬಡಿಯುತ್ತಲೇ ಇದ್ದ. ಕೊನೆಗೆ, ಎದೆಯ ಮೇಲೆ ಕಟ್ಟಿಕೊಂಡು ಬೀಳುವಾಗ ಆಗಾಗ ತಟ್ಟಿದರಾಯಿತು ಎಂದು ಅವನು ಅಂದದ್ದೇ ತಡ, ವೆಂಕಟರತ್ನಮ್ಮ ಆ ಬೋಗುಣಿಯನ್ನು ಕಸಿದುಕೊಂಡು ತನ್ನ ಬುತ್ತಿ ಚೀಲಕ್ಕೆ ಹಾಕಿ, ಇಳಿಯುವಾಗ ಅವನ ಕೈಗೆ ಕೊಡಲೇ ಇಲ್ಲ.

ಹಾಗೆ ಚಿಕ್ಕದು ಗೆದ್ದಿತು. ಆದರೆ ಅದನ್ನು ಎಲ್ಲಿ ಕಟ್ಟಿಕೊಳ್ಳುವುದು? ಮುಂದಿನ ಭಾನುವಾರ ಅವಳು ಪರೀಕ್ಷೆಯ ಪೇಪರುಗಳನ್ನು ಹರಡಿಕೊಂಡು ಕೂತರೆ, ನಡುಮನೆಯ ಬೆಂಚಿನ ಮೇಲೆ ಗಂಡ ಬೋರಲು ಮಲಗಿ, ಕೈಕಾಲುಗಳನ್ನು ಕಪ್ಪೆಯಂತೆ ಚಾಚಿ, ಕತ್ತೆತ್ತಿಕೊಂಡಿದ್ದ. ಮೀಟರು ಎಡ ಮಣಿಕಟ್ಟಿನಲ್ಲಿ. ಅದನ್ನು ನೋಡಲೆಂದು ಕೈಯನ್ನು ಮುಖದ ಹತ್ತಿರ ತಂದಾಗಲೆಲ್ಲ ಮೈ ಒಂದು ಕಡೆಗೆ ವಾಲುತ್ತಿತ್ತು. ಬೀಳುವಾಗ ಹೀಗೆ ಒಂದು ಕೈ ಮಡಚಿದರೆ ಗಾಳಿ ಮೈಯನ್ನು ಬುಗುರಿಯ ಹಾಗೆ ತಿರುಗಿಸಿಬಿಡುತ್ತದೆ ಎಂದು ವಿವರಿಸಿದ. ನೋಡಿದೆಯಾ, ವಾಲ್ತೀನಿ ಎಂದು ಮತ್ತೆ ಮತ್ತೆ ತೋರಿಸಿದ. ಬೆಳಗಿನಿಂದ ಅದನ್ನೇ ನೋಡುತ್ತಿದ್ದ ಅವಳು ಒಬ್ಬ ಹುಡುಗಿಗೆ ಎರಡೆರಡು ಸಲ ಅಂಕ ಹಾಕಿದ್ದಳು.

ಮಧ್ಯಾಹ್ನದ ಹೊತ್ತಿಗೆ ಮೀಟರು ಎದೆಗೇ ಎಂದು ತೀರ್ಮಾನವಾಯಿತು. ಬೆನ್ನಿಗೆ ದೊಡ್ಡ ಪ್ಯಾರಾಚೂಟು, ಅದು ಕೈಕೊಟ್ಟರೆ ಇರಲಿ ಅಂತ ಎದೆಯ ಮೇಲೊಂದು ಚಿಕ್ಕ ಪ್ಯಾರಾಚೂಟಿನ ಮೂಟೆ. ಆ ಮೂಟೆಯ ಮೇಲೆ ಒಂದು ತಗಡು ಕೂರಿಸಿ, ಕಣ್ಣಿಗೆ ಎದುರಾಗುವಂತೆ ಸ್ವಲ್ಪ ಓರೆಯಾಗಿ ಮೀಟರನ್ನು ಬಿಗಿಯಬೇಕು. ತಗಡು ಎಲ್ಲಿಂದ ಬಂತೆಂದು ಸಂಜೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ವೆಂಕಟರತ್ನಮ್ಮನಿಗೆ ತಿಳಿಯಿತು. ಡಬ್ಬಕ್ಕೆ ಮುಚ್ಚಳವಿರಲಿಲ್ಲ.

ತಗಡನ್ನು ಮೂಟೆಗೆ ಕಟ್ಟಲು ದಪ್ಪ ಕ್ಯಾನ್ವಾಸಿನ ಪಟ್ಟಿ ಹೊಲಿಯಬೇಕಿತ್ತು. ಮಿಷನ್ನಿನ ಸೂಜಿ ಮುರಿಯಿತು. ಗೋಣಿ ಹೊಲಿಯುವ ದಬ್ಬಳ ಹಿಡಿದು, ಶಿಡ್ಲಘಟ್ಟದಿಂದ ತರಿಸಿದ ಹುರಿ ರೇಷ್ಮೆಯಲ್ಲಿ ಅವಳೇ ಕೂತು ಹೊಲಿದಳು. ಅವನು ಪಕ್ಕದಲ್ಲಿ ನಿಂತು, ಇನ್ನೊಂದು ಸುತ್ತು ಹಾಕು, ಅಲುಗಾಡಬಾರದು, ಇನ್ನೂ ಬಿಗಿ ಮಾಡು ಎನ್ನುತ್ತಲೇ ಇದ್ದ. ಬೆರಳು ಎರಡು ಕಡೆ ಚುಚ್ಚಿ ರಕ್ತ ಬಂತು. ಕದಿರಮ್ಮ ಬಾಗಿಲಲ್ಲಿ ಕೂತು, ಗಡಿಯಾರಕ್ಕೆ ಇಷ್ಟು ಉಪಚಾರವಾ ಎಂದಳು. ಕೊನೆಯ ಗಂಟು ಹಾಕಿ ವೆಂಕಟರತ್ನಮ್ಮ ಮೂಟೆಯನ್ನು ಗಂಡನ ಮಡಿಲಿಗೆ ಒಗೆದಳು.

"ತಗೊಳ್ಳಿ. ಸುತ್ತ ಬಿಗಿದಿದೀನಿ. ಇನ್ನು ನಿಮ್ಮಪ್ಪ ಎದ್ದು ಬಂದ್ರೂ ಇದು ಬಿಚ್ಚಲ್ಲ."

ಚನ್ನಕೇಶವ ನಗುತ್ತಾ ಮೂಟೆಯನ್ನು ತಿರುಗಿಸಿ ನೋಡಿದ. ನಗು ಹಾಗೆಯೇ ನಿಂತಿತು. ಪಟ್ಟಿ ಮೂಟೆಯ ಸುತ್ತಲೂ ಬಂದು, ಅದು ಬಾಯಿ ತೆರೆಯಬೇಕಾದ ಮಡಿಕೆಗಳ ಮೇಲೆಯೇ ಹಾದುಹೋಗಿತ್ತು. ಬೆನ್ನಿನ ಪ್ಯಾರಾಚೂಟು ಬಿಚ್ಚದೆ ಹೋಗಿ ಅವನು ಇದರ ಹಿಡಿ ಎಳೆದಿದ್ದರೆ, ಇದೂ ಬಿಚ್ಚುತ್ತಿರಲಿಲ್ಲ.

ಅವನ ಮುಖ ನೋಡಿಯೇ ಅವಳಿಗೂ ಅರ್ಥವಾಯಿತು.

"ನಾನೇ ಹೇಳಿದ್ದು" ಎಂದ ಅವನು. "ಸುತ್ತು ಹಾಕು ಅಂತ ನಾನೇ ಹೇಳಿದ್ದು, ರತ್ನ. ಹತ್ತು ವರ್ಷ ಇದನ್ನೇ ಕಲಿಸಿದೀನಿ."

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅವನ ಮೇಲೆ, ಗೌರಿಬಿದನೂರಿನ ಸಭೆಯ ಮೇಲೆ, ತಾನು ಅಷ್ಟು ಗಟ್ಟಿಯಾಗಿ ಹೊಲಿದ ತನ್ನ ಕೈಯ ಮೇಲೆ. ಕತ್ತರಿ ತಂದು ಹೊಲಿಗೆಯನ್ನೆಲ್ಲ ಕತ್ತರಿಸಿ ಹಾಕಿದಳು. ಹಾರುವುದು ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅವನು ಒಪ್ಪಿಬಿಡುತ್ತಾನೆ, ಆಮೇಲೆ ವರ್ಷಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಸೈಕಲ್ ಟ್ಯೂಬು ಕೊಯ್ದು ರಬ್ಬರ್ ಪಟ್ಟಿ ಮಾಡಿದರು. ತಗಡನ್ನು ಮೂಟೆಯ ಒಂದು ಬದಿಗೆ ಮಾತ್ರ ಸಿಕ್ಕಿಸಿದರು. ಚನ್ನಕೇಶವ ಮೂಟೆಯ ಹಿಡಿ ಎಳೆದ. ಬಿಳಿ ರೇಷ್ಮೆ ಬಟ್ಟೆ ಭುಸ್ಸೆಂದು ನಡುಮನೆ ತುಂಬಿತು. ಅದನ್ನು ಮಡಚಿ ಒಳಗೆ ಸೇರಿಸುವುದರಲ್ಲಿ ಸಂಜೆ ಕಳೆಯಿತು. ಮಡಚಿ ಮುಗಿಸಿದ ಕೂಡಲೇ ಅವಳು, ಮತ್ತೆ ಎಳೆಯಿರಿ ಎಂದಳು. ಮತ್ತೆ ಭುಸ್ಸೆಂದಿತು.

ಹಾರುವ ಹಿಂದಿನ ವಾರ ಅವನು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋಗಿ ಬಂದ. ಚಿಕ್ಕಬಳ್ಳಾಪುರದಲ್ಲಿ ಸೊನ್ನೆಗಿಟ್ಟ ಮುಳ್ಳು ಅಲ್ಲಿ ಸೊನ್ನೆಗಿಂತ ಏಳುನೂರು ಅಡಿ ಕೆಳಗಿಳಿದಿತ್ತಂತೆ. ವಿಮಾನ ಏರುವ ಬೆಂಗಳೂರಿನ ನೆಲವೂ ಹೆಚ್ಚುಕಡಿಮೆ ನಮ್ಮೂರಿನಷ್ಟೇ ಎತ್ತರ, ಅದಕ್ಕೆ ಹೊರಡುವಾಗ ಏಳುನೂರಕ್ಕೆ ಇಟ್ಟುಕೊಂಡರೆ ಗೌರಿಬಿದನೂರಿನ ನೆಲಕ್ಕೆ ಸರಿಯಾಗಿ ಸೊನ್ನೆ ಬರುತ್ತದೆ ಎಂದು ಊಟ ಮುಗಿಯುವವರೆಗೆ ಲೆಕ್ಕ ಒಪ್ಪಿಸಿದ. ವೆಂಕಟರತ್ನಮ್ಮ ಸಾರು ಬಡಿಸುತ್ತಾ, ಆಯಿತು, ಏಳುನೂರು ಎಂದಳು.

ಆ ದಿನ ಪಿನಾಕಿನಿಯ ದಡದಲ್ಲಿ ಜನ ಇರುವೆಯ ಹಾಗೆ ಸೇರಿದ್ದರು. ಮೇಲೆ ವಿಮಾನ ಒಂದು ಸುತ್ತು ಹಾಕಿತು. ಅದರಿಂದ ಕಪ್ಪು ಚುಕ್ಕೆಯೊಂದು ಉದುರಿತು. ಉದುರಿದ್ದು ಉದುರುತ್ತಲೇ ಇತ್ತು. ಪಕ್ಕದಲ್ಲಿ ಕದಿರಮ್ಮ ಸೊಸೆಯ ಕೈ ಹಿಡಿದುಕೊಂಡು, ದೇವುಡಾ ದೇವುಡಾ ಎನ್ನುತ್ತಿದ್ದಳು. ಆಮೇಲೆ ಬಿಳಿಯದೊಂದು ಅರಳಿತು, ಜನ ಹೋ ಎಂದರು, ಚನ್ನಕೇಶವ ತೂಗಾಡುತ್ತಾ ಬಂದು ಹೊಳೆಯ ಮರಳಿನಲ್ಲಿ ಮಂಡಿಯೂರಿ ಇಳಿದ.

ಅವಳು ಗುಂಪು ಸೀಳಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಅವನ ಕೊರಳಿಗೆ ಹಾರ ಬಿದ್ದಿತ್ತು. ಗದ್ದ ತರಚಿ ರಕ್ತ ಜಿನುಗುತ್ತಿತ್ತು.

"ಮೀಟರು ಸರಿಯಾಗಿ ತೋರಿಸ್ತಾ?" ಎಂದು ಕೇಳಿದಳು.

ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ನೋಡಕ್ಕೇ ಆಗ್ಲಿಲ್ಲ ಕಣೇ. ಮೂಟೆ ಹಿಡಿದಿಡೋ ಹೊಟ್ಟೆ ಪಟ್ಟಿ ಸಡಿಲ ಇತ್ತು. ಗಾಳಿಗೆ ಮೂಟೆ ಮೇಲೆದ್ದು, ತಗಡು ಗದ್ದಕ್ಕೆ ಒತ್ಕೊಂಡುಬಿಡ್ತು."

"ಮತ್ತೆ ಹೇಗೆ ಬಿಚ್ಚಿದ್ರಿ?"

"ಮನಸ್ಸಲ್ಲೇ ಸೆಕೆಂಡು ಎಣಿಸ್ಕೊಂಡೆ."

ನಂದಿಯ ಮೆಟ್ಟಿಲು, ಬೆಂಚು, ಅಕ್ಕಿ ಡಬ್ಬ, ದಬ್ಬಳ ಎಲ್ಲ ಒಟ್ಟಿಗೆ ಅವಳ ಗಂಟಲಿಗೆ ಬಂದವು. ಆದರೆ ಅಷ್ಟು ಜನರ ಎದುರು ಏನು ಹೇಳಲಾದೀತು? ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅವನ ಗದ್ದ ಒರೆಸಿದಳು. ಬೇಕಾದದ್ದಕ್ಕಿಂತ ಒರಟಾಗಿಯೇ ಒರೆಸಿದಳು.

ವಾಪಸು ಬರುವ ಬಸ್ಸಿನಲ್ಲಿ ಅವನು, ಮುಂದಿನ ಸಲ ಎಂದು ಬಾಯಿ ತೆಗೆದ.

"ಮುಂದಿನ ಸಲದ ಮಾತೆತ್ತಿದ್ರೆ ಇಲ್ಲೇ ಇಳ್ದು ನಡ್ಕೊಂಡ್ ಹೋಗ್ತೀನಿ."

ಮಂಚೇನಹಳ್ಳಿ ದಾಟುವವರೆಗೆ ಅವನು ಉಸಿರೆತ್ತಲಿಲ್ಲ. ದಾಟಿದ ಮೇಲೆ, ಹೊಟ್ಟೆ ಪಟ್ಟಿಗೆ ಇನ್ನೊಂದು ಬಕಲು ಹಾಕಿದರೆ ಹೇಗೆ ಎಂದು ಮೆಲ್ಲಗೆ ಶುರು ಮಾಡಿದ. ವೆಂಕಟರತ್ನಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಬಕಲು ಒಂದು ಸಾಲದು, ಎರಡು ಬೇಕು ಅನ್ನಿಸಿತು.