ಕರೆದ ತೂಕ

ಸಿಂದಗಿಯ ಮಾರುಕಟ್ಟೆ ಅಂಗಳದಲ್ಲಿ ಬಾಬುಲಾಲ ಮೂವತ್ತೊಂದು ವರ್ಷದಿಂದ ತೊಗರಿ ತೂಗುತ್ತಿದ್ದ. ಸಿಟ್ಟಿನ ಮನುಷ್ಯ. ರೈತ ಚೀಲದ ಬಾಯಿಗೆ ಒಳ್ಳೆ ಕಾಳು, ತಳಕ್ಕೆ ಮಣ್ಣು ತುಂಬಿ ತಂದರೆ ರೈತನಿಗೆ ಬೈಯುತ್ತಿದ್ದ. ವ್ಯಾಪಾರಿ ಅರ್ಧ ಕಿಲೋ ಮುರಿದುಕೊಳ್ಳಲು ಹೋದರೆ ವ್ಯಾಪಾರಿಗೆ ಬೈಯುತ್ತಿದ್ದ. ಆದರೆ ಅವನು ಗಟ್ಟಿ ದನಿಯಲ್ಲಿ ತೂಕ ಕರೆದನೆಂದರೆ ಎರಡೂ ಕಡೆಯವರು ಬಾಯಿ ಮುಚ್ಚುತ್ತಿದ್ದರು. ಒಮ್ಮೆ ಕರೆದ ತೂಕವನ್ನು ಮತ್ತೆ ಕರೆಯುವ ರೂಢಿ ಆ ಅಂಗಳದಲ್ಲಿ ಇರಲಿಲ್ಲ.

ಅಂಥವನ ಕಾಟಾದ ಮೇಲೆ ಅವನ ತಂಗಿಯನ್ನೇ ನಿಲ್ಲಿಸಿ ತೂಗಬೇಕೆಂದು ಟಿವಿಯವರು ಬಂದರು.

ತಂಗಿ ಫಿರದೋಸ ಹತ್ತಿರದ ಇಂಡಿ ಪಟ್ಟಣದಲ್ಲಿ ಬ್ಲೌಸ್ ಹೊಲಿದುಕೊಂಡು ಇದ್ದವಳು. ತೂಕ ಇಳಿಸುವ ಸ್ಪರ್ಧೆಯೆಂದು ಬೆಂಗಳೂರಿಗೆ ಹೋದಾಗ ನೂರಾ ಇಪ್ಪತ್ತೊಂದು ಕಿಲೋ ಇದ್ದಳು. ಹನ್ನೆರಡು ಮಂದಿಯಲ್ಲಿ ಈಗ ಐವರು ಉಳಿದಿದ್ದರು. ಈ ವಾರ ಎಲ್ಲರನ್ನೂ ಅವರವರ ಹುಟ್ಟೂರಿನಲ್ಲಿ, ಅವರ ಮನೆಯವರ ಕೈಯಿಂದಲೇ ತೂಗಿಸುವುದು ಆಟ. ಹಿಂದಿನ ದಿನ ಬಾಗೇವಾಡಿಯ ಹುಡುಗನೊಬ್ಬನನ್ನು ಹಿಟ್ಟಿನ ಗಿರಣಿಯಲ್ಲಿ ತೂಗಿ ಆಟದಿಂದ ಹೊರಗೆ ಹಾಕಿ ಬಂದಿದ್ದರು. ಫಿರದೋಸ ತೊಂಬತ್ತೆರಡು ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಟದಲ್ಲಿ ಉಳಿಯುತ್ತಾಳೆ. ಒಂದು ಗೆರೆ ಹೆಚ್ಚಾದರೂ ಹೊರಗೆ.

ತೂಗುವ ದಿನ ಮುಂಜಾನೆ ಚಹಾ ಕೊಡುತ್ತ ಬಾಬುಲಾಲನ ಹೆಂಡತಿ ಕೌಸರ ದನಿ ಇಳಿಸಿ ಹೇಳಿದಳು.

"ನಿನ್ನೆ ಮುಂಜಾನೆ ಬಂದಾಗಿಂದ ಒಂದು ಹನಿ ನೀರು ಕುಡದಿಲ್ಲರಿ ನಿಮ್ಮ ತಂಗಿ. ಒಂದಕ್ಕೂ ಹೋಗಿಲ್ಲ. ನೆಲ ಒರಸೋ ಅರಿಬಿ ಹಿಂಡಿದಂಗ ಹಿಂಡಿಕೊಂಡಾಳ ಮೈಯನ್ನ."

ಬಾಬುಲಾಲ ಕಪ್ಪು ಅಲ್ಲೇ ಕುಕ್ಕಿ ಮಾಳಿಗೆ ಹತ್ತಿದ. ಫಿರದೋಸ ಮಳೆಗಾಲದ ಪ್ಲಾಸ್ಟಿಕ್ ಕೋಟು ತೊಟ್ಟು, ಅದರ ಮೇಲೆ ಸ್ವೆಟರ್ ಹಾಕಿಕೊಂಡು ಬಿಸಿಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ತುಟಿ ಒಡೆದು ಬಿಳಿಚಿದ್ದವು. ಒಂದು ಕಾಲು ಎಳೆಯುತ್ತಿತ್ತು.

"ಏನ ನಡಿಸೀಯವಾ ಇದು?"

"ರೋಜಾ ಹಿಡದೇನಿ ಅನ್ಕೋ, ಭಾಯಿ."

"ರೋಜಾದಾಗ ಸಂಜಿಗೆ ನೀರು ಕುಡೀತಾರ. ನಿನ್ನ ಸಂಜಿ ಯಾವಾಗ?"

"ಫೈನಲ್ ಮುಗದ ಮ್ಯಾಲ. ಇನ್ನ ಮೂರು ವಾರ." ನಗಲು ಹೋದಳು, ತುಟಿಯಿಂದ ರಕ್ತ ಜಿನುಗಿತು. "ಹೋದ ವಾರ ಮೇಕಪ್ ಕೋಣ್ಯಾಗ ಬಿದ್ದಿದ್ದೆ. ಸಲಾಯಿನ್ ಹಚ್ಚಿದ್ರು, ಎದ್ದೆ. ಮುಗೀತಲ್ಲ?"

"ಮಂದಿ ನೋಡ್ಲಿ ಅಂತ ಸಾಯ್ತೀ ಏನ, ಹುಚ್ಚಿ!"

"ಮಂದಿ ಮೂವತ್ತು ವರ್ಷ ನೋಡಿ ನಕ್ಕಾರ. ನನ್ನ ಕ್ವಿಂಟಲ್ ಅಂತ ಮೊದಲ ಕರದವ ಯಾರು?"

ಕರೆದವನು ಬಾಬುಲಾಲನೇ. ಸಣ್ಣವಳಿದ್ದಾಗ ಅಂಗಳಕ್ಕೆ ಅವನಿಗೆ ರೊಟ್ಟಿ ಗಂಟು ತರುತ್ತಿದ್ದಳು. ಅವಳನ್ನು ಕಾಟಾದ ಮೇಲೆ ನಿಲ್ಲಿಸಿ ಹಮಾಲರನ್ನು ನಗಿಸುತ್ತಿದ್ದ. ಆ ಹೆಸರು ಮದುವೆಯಾದ ಮೇಲೂ ಅವಳ ಹಿಂದೆಯೇ ಇಂಡಿಗೆ ಹೋಯಿತು. ಕಾಟಾದ ಗೆರೆ ಓದುವುದನ್ನೂ ಅವಳು ಆಗ ಆ ಅಂಗಳದಲ್ಲಿಯೇ ಕಲಿತಿದ್ದಳು.

"ಹುಟ್ಟಿದಾಗಿಂದ ಯಾವುದರಾಗೂ ಮುಂದ ಬಂದಾಕಿ ಅಲ್ಲ ನಾನು," ಎಂದಳು. "ಈಗ ಇಂಡಿ ಊರಾಗ ಹೆಣಮಕ್ಕಳು ನನ್ನ ನೋಡಿ ಮುಂಜಾನೆ ನಡಿಯಾಕ ಹೋಗ್ತಾರ. ನನಗ ನೀ ಏನೂ ಕೊಡಬ್ಯಾಡ. ಎಷ್ಟು ಐತಿ ಅಷ್ಟ ಕರಿ. ಒಂದು ಗುಲಗಂಜಿ ಕಡಿಮಿನೂ ಬ್ಯಾಡ, ಹೆಚ್ಚಿಗಿನೂ ಬ್ಯಾಡ."

"ನಾ ಯಾವಾಗ ಸುಳ್ಳ ಕರದೇನಿ?" ಎಂದು ಗದರಿ ಅವನು ಕೆಳಗಿಳಿದ.

ಹನ್ನೊಂದಕ್ಕೆ ಅಂಗಳದಲ್ಲಿ, ದಲಾಲಿ ಬಸಂತರಾಯ ಸಾವಕಾರರ ಅಂಗಡಿ ಮುಂದೆ ಜಾತ್ರೆಯಷ್ಟು ಮಂದಿ. ಡೈರೆಕ್ಟರ್ ಬೆಂಗಳೂರಿನ ಹುಡುಗ. ಬೆಳಕಿನ ಅಂಕಿ ತೋರಿಸುವ ಹೊಸ ಕಾಟಾ ಬಿಟ್ಟು, ಮೂಲೆಗೆ ಸರಿಸಿದ್ದ, ಗೆರೆ ಕೊರೆದ ಕಂಬಿಯ ಮೇಲೆ ಗುಂಡು ಸರಿಸಿ ತೂಗುವ ಹಳೇ ದಂಡಿ ಕಾಟಾವನ್ನೇ ಆರಿಸಿದ್ದ. ಸರಕಾರಿ ಮುದ್ರೆಯ ತೂಕದ ಕಲ್ಲು ಇಟ್ಟು ಅದನ್ನು ಪರೀಕ್ಷಿಸಿಯೂ ಆಗಿತ್ತು.

"ಗೆರೆಗಳೆಲ್ಲ ಮಾಸಿಹೋಗಿವೆ, ಕ್ಯಾಮೆರಾಗೆ ಕಾಣಲ್ಲ," ಎಂದ. "ಪರವಾಗಿಲ್ಲ, ನಮಗೆ ನಿಮ್ಮಿಬ್ಬರ ಮುಖ ಸಾಕು. ನೀವು ನಂಬರ್ ಕೂಗಿ ಸಾರ್, ಅದೇ ಫೈನಲ್."

"ಆತ ಕರದದ್ದು ಇಪ್ಪತ್ತು ಹಳ್ಳಿಗೆ ಫೈನಲ್ ಐತಿ ತಮ್ಮಾ," ಎಂದರು ಬಸಂತರಾಯರು. ಮಂದಿ ನಕ್ಕರು.

ಫಿರದೋಸ ಕಾಟಾ ಹತ್ತಿದಳು. ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಅಣ್ಣನ ಭುಜ ಹಿಡಿದಳು. ಆ ಕೈ ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ಕತ್ತಿನ ನರ ಗುಬ್ಬಿಯ ಎದೆಯಂತೆ ಹಾರುತ್ತಿತ್ತು.

ಬಾಬುಲಾಲ ದಂಡಿಯ ಮೇಲೆ ಗುಂಡು ಸರಿಸಿದ. ತೊಂಬತ್ತು, ತೊಂಬತ್ತೊಂದು. ತೊಂಬತ್ತೊಂದೂವರೆಗೆ ದಂಡಿ ತೇಲಿ ನಡುವೆ ನಿಂತಿತು. ಗೆದ್ದಿದ್ದಳು. ಹಟದಿಂದ, ತನ್ನ ಬೆವರು ತಾನೇ ಹಿಂಡಿಕೊಂಡು ಗೆದ್ದಿದ್ದಳು. ಇನ್ನು ಬೆಂಗಳೂರಿಗೆ ಹೋಗುತ್ತಾಳೆ, ಇದನ್ನೇ ಮೂರು ಸಲ ಮಾಡುತ್ತಾಳೆ, ಯಾವುದೋ ಕೋಣೆಯಲ್ಲಿ ಬೀಳುತ್ತಾಳೆ. ಆಗ ಏಳದಿದ್ದರೆ?

ಅವನು ಗುಂಡನ್ನು ಮತ್ತೊಂದು ಕಿಲೋ ಮುಂದೆ ಸರಿಸಿದ. ದಂಡಿ ಕೆಳಗೆ ಬೀಳಬೇಕು. ಬೀಳದ ಹಾಗೆ ಕಿರುಬೆರಳು ಕೊಟ್ಟು ಎತ್ತಿ ಹಿಡಿದ. ಇದೇ ಕಳ್ಳಕೆಲಸಕ್ಕೆ ಹಿಂದೊಮ್ಮೆ ಒಬ್ಬ ತೂಕದವನ ಕೆನ್ನೆಗೆ ಹೊಡೆದು ಅಂಗಳ ಬಿಡಿಸಿದ್ದವನು ಅವನು.

"ತೊಂಬತ್ತೆರಡೂವರೆ!"

ಮಂದಿ "ಅಯ್ಯಯ್ಯ" ಎಂದರು. ಫಿರದೋಸ ಮಂದಿಯತ್ತ ನೋಡಲಿಲ್ಲ. ದಂಡಿ ನೋಡಿದಳು. ದಂಡಿಯ ಕೆಳಗಿನ ಬೆರಳು ನೋಡಿದಳು. ಆಮೇಲೆ ಅಣ್ಣನ ಮುಖ ನೋಡಿದಳು. ಬಾಯಿ ತೆರೆದಳು. ಅವನ ಮೂವತ್ತೊಂದು ವರ್ಷ ಆ ಬಾಯಲ್ಲಿ ಇತ್ತು.

ಅಷ್ಟರಲ್ಲಿ ಡೈರೆಕ್ಟರ್ ಓಡಿ ಬಂದ. "ಸಾರ್, ಮೈಕ್ ಹತ್ತಿರ ಯಾರೋ ಕೆಮ್ಮಿದ್ರು. ಇನ್ನೊಂದ್ಸಲ ಕೂಗಿ. ಸ್ವಲ್ಪ ದುಃಖದಿಂದ."

"ಒಮ್ಮೆ ಕರದ ತೂಕ ಮತ್ತ ಕರ್ಯಂಗಿಲ್ರಿ ನಮ್ಮಲ್ಲಿ!" ಬಾಬುಲಾಲ ಗುಡುಗಿದ. ಅವನ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು.

"ಕರಿ, ಭಾಯಿ," ಎಂದಳು ಫಿರದೋಸ ಮೆಲ್ಲಗೆ. "ನನ್ನ ಮಾರಿ ನೋಡಿ ಕರಿ. ಈ ಸಲ ನಾನೂ ಚಂದಾಗಿ ಕೇಳ್ತೇನಿ."

ಮತ್ತೆ ಗುಂಡು ಸರಿಸಿದ, ಮತ್ತೆ ಬೆರಳು ಕೊಟ್ಟ, ತಂಗಿಯ ಮುಖ ನೋಡುತ್ತ ಮತ್ತೆ ಕರೆದ. ದನಿ ನಡುವೆಯೇ ಮುರಿಯಿತು.

"ಸೂಪರ್ ಸಾರ್! ಇದೇ ಬೇಕಾಗಿತ್ತು!" ಎಂದ ಡೈರೆಕ್ಟರ್.

ಫಿರದೋಸ ಇಳಿದು ಅಂಗಡಿಯ ಹಿಂದಿನ ನಲ್ಲಿಗೆ ಬಾಯಿ ಹಚ್ಚಿದಳು. ಒಂದೇ ಸವನೆ ಕುಡಿದಳು, ಕಾರಿದಳು, ಮತ್ತೆ ಕುಡಿದಳು. ಬಾಬುಲಾಲ ಹಿಂದೆ ಬಂದು ನಿಂತ.

"ನೀ ಸಾಯಾಕತ್ತಿದ್ದಿ, ಫಿರದೋಸ."

"ಸಾಯಾಕತ್ತಿದ್ದೆನೋ ಇಲ್ಲೋ, ಅದು ನನ್ನ ಜೀವ." ಮುಖ ಒರೆಸಿಕೊಂಡಳು. "ಅವರ ಮುಂದ ಖರೇ ಹೇಳಿದ್ರ ನಿನ್ನ ಈ ಅಂಗಳದಾಗ ನಿಲ್ಲಗೊಡ್ತಿದ್ದಿಲ್ಲ. ಅದಕ್ಕ ಸುಮ್ಮನಾದೆ. ಉಪಕಾರ ಅಂತ ತಿಳೀಬ್ಯಾಡ. ಸಣ್ಣಾಕಿ ಇದ್ದಾಗ ಮಂದಿ ಮುಂದ ಹೆಚ್ಚಿಗಿ ಕರದಿ, ಇವತ್ತೂ ಹೆಚ್ಚಿಗಿ ಕರದಿ."

"ಮನಿಗೆ ನಡಿ. ಕೌಸರ ಗಂಜಿ ಕಾಸ್ಯಾಳ."

"ಇಂಡಿ ಬಸ್ ಐತಿ ನನಗ," ಎಂದಳು. ಹೋದಳು. ಕಾಲೆಳೆಯುತ್ತ ಹೋದರೂ ತಿರುಗಿ ನೋಡಲಿಲ್ಲ.

ಟಿವಿಯವರು ದೀಪ, ವಾಯರು ಕಟ್ಟಿಕೊಂಡು ಹೊರಟರು. ಬಸಂತರಾಯರು ಕೂಗಿದರು. "ಬಾಬು, ಆದದ್ದು ಆತು. ಹಿಪ್ಪರಗಿ ರೈತರು ತೊಗರಿ ತಂದು ಕಾಯಾಕತ್ತಾರ, ಬಾ."

ಹಮಾಲರು ಎದುರಿಗಿದ್ದ ಅದೇ ಕಾಟಾಕ್ಕೆ ಚೀಲ ಏರಿಸಿದರು. ಬಾಬುಲಾಲ ಗುಂಡು ಸರಿಸಿದ. ದಂಡಿ ನಿಂತಿತು. ಕರೆಯುವ ಬದಲು ದಂಡಿಯಿಂದ ಎರಡೂ ಕೈ ಹಿಂದೆ ತೆಗೆದ. ಚೀಲದ ಮಾಲೀಕ ಮುದುಕ ಎಲೆ ಅಡಿಕೆ ಜಗಿಯುತ್ತ ಬೇರೆ ಕಡೆ ನೋಡುತ್ತಿದ್ದ.

"ಅಜ್ಜಾ, ಇಲ್ಲಿ ಬಾರೋ," ಎಂದ ಬಾಬುಲಾಲ. "ದಂಡಿ ನೀನ ನೋಡು."

ಮುದುಕ ನಕ್ಕ. "ನೀ ನಿಂತೀಯಲ್ಲ, ನಾ ಏನ ನೋಡ್ಲಿ? ಕರಿ, ಕರಿ."

"ನೋಡಂದ್ರ ನೋಡಲೇ!" ಬಾಬುಲಾಲ ಅರಚಿದ. ಇಡೀ ಅಂಗಳ ಅವನತ್ತ ತಿರುಗಿತು. ಮುದುಕ ಗಾಬರಿಯಾಗಿ, ಅಕ್ಷರ ಬಾರದ ಕಣ್ಣನ್ನು ದಂಡಿಯ ಮಾಸಿದ ಗೆರೆಗಳ ಮೇಲೆ ಬಾಗಿಸಿದ.