ಏಳುನೂರು ಗಜ ದೂರದ ಎಲ್ಕ್

೧
ಗುಂಡಿನಿಂದ ಶುರು ಮಾಡಲೋ, ಎಲ್ಕ್‌ನಿಂದಲೋ? ಗುಂಡಿನಿಂದ ಶುರು ಮಾಡಿದರೆ ನೀವು ಕೂತಲ್ಲೇ ಬೆಚ್ಚಿಬೀಳುತ್ತೀರಿ, ನನಗೂ ಖುಷಿ. ಆದರೆ ಗುಂಡು ಹೊರಟ ಮೇಲೆ ಕಥೆ ನನ್ನ ಕೈಲಿರುವುದಿಲ್ಲ. ಎಲ್ಕ್‌ನಿಂದಲೇ ಆಗಲಿ. ಅಮೆರಿಕದ ವಯೋಮಿಂಗ್‌ನಲ್ಲಿ ಅಕ್ಟೋಬರ್ ಬೆಳಗು, ಕಣಿವೆಯ ಆಚೆ ಇಳಿಜಾರಿನಲ್ಲಿ ಗಂಡು ಎಲ್ಕ್. ನಮ್ಮ ಕಡವೆಗೆ ದೊಡ್ಡಪ್ಪನ ಹಾಗಿದೆ. ಆ ಕೊಂಬು ನೋಡ್ತಾ ಟೈಪ್ ಮಾಡೋದು ಹೇಗೆ ಹೇಳಿ!

೨
ಈಚೆ ಬಂಡೆಯ ಮೇಲೆ ಮಲಗಿ ರೈಫಲ್ ಸ್ಕೋಪಿನಲ್ಲಿ ಗುರಿ ಹಿಡಿದವನು ರಾಯ್ಸ್, ಮರದ ಮಿಲ್ಲಿನಲ್ಲಿ ಕೆಲಸ. ಪಕ್ಕದಲ್ಲಿ ದುರ್ಬೀನು ಹಿಡಿದವಳು ಅವನ ಅಕ್ಕ ನಡೀನ್. ಬೇಟೆಯ ಲಾಟರಿಯಲ್ಲಿ ಈ ಕಣಿವೆಯ ಟ್ಯಾಗ್, ಅಂದರೆ ಪರವಾನಗಿ ಚೀಟಿ, ಎದ್ದು ಬರಲೆಂದು ರಾಯ್ಸ್ ಅರ್ಧ ಆಯುಸ್ಸು ಕಾದಿದ್ದಾನೆ. ಒಂದು ಟ್ಯಾಗಿಗೆ ಒಂದೇ ಎಲ್ಕ್. ಮತ್ತೆ ಸಿಗುವಷ್ಟರಲ್ಲಿ ಮಂಡಿ ಹೋಗಿರುತ್ತದೆ.

"ಏಳುನೂರು ಗಜ," ಅಂದ ರಾಯ್ಸ್. "ಈ ಸ್ಕೋಪಿಗೆ ಇದೊಂದು ದೂರಾನಾ?"

"ಸ್ಕೋಪಿಗಲ್ಲ ಕಣೋ, ಆ ಎಲ್ಕಿಗೆ ದೂರ! ಗುಂಡು ಅಲ್ಲಿಗೆ ಮುಟ್ಟೋಕೆ ಹತ್ತತ್ರ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಒಂದು ಹೆಜ್ಜೆ ಇಟ್ರೆ? ಎದೆಗಿಟ್ಟ ಗುರಿ ಹೊಟ್ಟೆಗೆ ಬೀಳುತ್ತೆ. ಇಳಿದು ಹತ್ತಿರ ಹೋಗೋಣ."

"ಹೋಗೋಷ್ಟರಲ್ಲಿ ಅದು ಮೊಂಟಾನಾದಲ್ಲಿರುತ್ತೆ."

"ಇರ್ಲಿ ಬಿಡು. ಅದರ ಕಾಲು, ಅದರ ಇಷ್ಟ."

(ನಡೀನ್ ಹೀಗೆ ಬಾಯಿ ಬಿಡುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಕಾಫಿ ಫ್ಲಾಸ್ಕ್ ಹಿಡಿಯುವ ಕೆಲಸ ಅಷ್ಟೇ ಇತ್ತು.)

೩
ಢಂ! ಎಲ್ಕ್ ನಿಂತಲ್ಲೇ ಕುಸಿಯಿತು. ರಾಯ್ಸ್ ಎದ್ದು ಕುಣಿದ.

ಥೂ, ಇದು ರೈಫಲ್ ಜಾಹೀರಾತು. ಅಳಿಸಿ ಹಾಕಿದೆ.

"ಯಾಕೆ ಅಳಿಸಿದೆ?" ರಾಯ್ಸ್ ನನ್ನ ಮೇಲೇ ಎಗರಿದ. "ಚೆನ್ನಾಗಿತ್ತಲ್ಲ!"

ಮತ್ತೆ ೩
ಢಂ! ರೈಫಲ್ ಒದ್ದ ಏಟಿಗೆ ಸ್ಕೋಪಿನಿಂದ ಎಲ್ಕ್ ಜಾರಿಹೋಯಿತು. ನಡೀನ್ ದುರ್ಬೀನಿನಲ್ಲಿ ಕಂಡದ್ದಿಷ್ಟು: ಅದು ಒಮ್ಮೆ ತಲೆಯೆತ್ತಿ, ನಿಧಾನವಾಗಿ ಪೈನ್ ಮರಗಳೊಳಗೆ ನಡೆದುಹೋಯಿತು.

"ಮಿಸ್ಸು," ಅಂದ ರಾಯ್ಸ್.

"ಇಲ್ಲಿಂದ ನಿನಗೆ ಹೇಗೆ ಗೊತ್ತು? ಆಚೆ ಹೋಗಿ ರಕ್ತ ಇದ್ಯಾ ನೋಡ್ಬೇಕು."

"ಇಳಿದು ಹತ್ತೋಕೆ ಅರ್ಧ ದಿನ! ಮಿಸ್ಸು ಅಂದ್ನಲ್ಲ."

ದೂರದಿಂದ ಹೊಡೆಯುವವರು ಮಾಡುವ ತಪ್ಪು ಇದೇ. ಬೀಳಲಿಲ್ಲ ಅಂದರೆ ತಾಗಲಿಲ್ಲ ಅಂದುಕೊಳ್ಳುತ್ತಾರೆ. ಈ ಕಣಿವೆಯಲ್ಲೊಂದು ರೂಢಿಯಿದೆ. ಗಾಯಗೊಂಡ ಪ್ರಾಣಿ ಹುಡುಕಿದರೂ ಸಿಗದಿದ್ದರೆ ಅದೇ ನಿಮ್ಮ ಪ್ರಾಣಿ. ಬೇಟೆ ಮುಗಿಯಿತೆಂದು ನಿಮ್ಮ ಟ್ಯಾಗನ್ನು ನೀವೇ ಕತ್ತರಿಸಿಕೊಂಡು ಮನೆಗೆ ಹೋಗಬೇಕು. ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ. ಅದಕ್ಕೇ ಅದು ಕಷ್ಟ.

೫ (ನಾಲ್ಕು ಎಲ್ಲಿ ಅಂತ ಕೇಳಬೇಡಿ, ಅದರ ತುಂಬ ರಾಯ್ಸ್ ನನ್ನನ್ನು ಬೈದಿದ್ದಾನೆ)
ಆಗಲೇ ನೋಡಿ, ಅಯ್ಯಯ್ಯೋ, ಈಚೆ ಕಡೆಯಲ್ಲೇ ಪೊದೆ ಸರಿಸಿಕೊಂಡು ಇನ್ನೊಂದು ಬಂತು! ಅದಕ್ಕಿಂತ ದೊಡ್ಡದು! ನೂರು ಗಜವೂ ಇಲ್ಲ, ಉಸಿರಿನ ಹಬೆ ಕಾಣುತ್ತಿದೆ. ಇದನ್ನು ನಾನು ಕರೆಸಿದ್ದಲ್ಲ, ಆಣೆ.

ರಾಯ್ಸ್ ಬೋಲ್ಟ್ ಎಳೆದು ಹೊಸ ಗುಂಡು ಏರಿಸಿದ. ನಡೀನ್ ಪಿಸುಗುಟ್ಟಿದಳು: "ಮೊದಲನೇದಕ್ಕೆ ತಾಗಿದ್ರೆ ಇದು ನಿಂದಲ್ಲ."

ರಾಯ್ಸ್ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು. "ಮಾರಾಯ, ಬರೆಯೋನು ನೀನೇ ಅಲ್ವಾ? ತಾಗ್ಲಿಲ್ಲ ಅಂತ ಒಂದು ಸಾಲು ಬರಿ. ನಿನ್ನ ಗಂಟೇನು ಹೋಗುತ್ತೆ?"

ಬರೆಯಬಹುದಿತ್ತು. ಬೆರಳು ಕೀಬೋರ್ಡಿನ ಮೇಲೇ ಇತ್ತು.

"ಅವನೇನು ಬರೀತಾನೆ?" ಅಂದಳು ನಡೀನ್. "ಅವನು ನಿನಗಿಂತ ದೂರದಲ್ಲಿ ಕೂತಿದ್ದಾನೆ. ಅದೂ ಹೀಟರ್ ಪಕ್ಕ."

ನಾಚಿಕೆಯಾಯಿತು, ಜೊತೆಗೆ ಮೈ ಜುಂ ಅಂದಿತು.

೬
ಎರಡು ಮುಕ್ತಾಯ ತಯಾರಿಟ್ಟಿದ್ದೆ. ಒಂದರಲ್ಲಿ ಹುಲ್ಲಿನ ಮೇಲೆ ರಕ್ತವಿತ್ತು, ಪ್ರಾಣಿ ಸಿಗಲಿಲ್ಲ, ರಾಯ್ಸ್ ಟ್ಯಾಗ್ ಕತ್ತರಿಸಿದ. ಇನ್ನೊಂದರಲ್ಲಿ ರಕ್ತವಿರಲಿಲ್ಲ, ವಾಪಸ್ ಬರುವಷ್ಟರಲ್ಲಿ ದೊಡ್ಡದೂ ಇರಲಿಲ್ಲ. ಎರಡನ್ನೂ ಬೆಚ್ಚಗೆ ಕೂತು ಬರೆದಿದ್ದೆ. ಎರಡೂ ಬೇಡ.

ರಾಯ್ಸ್ ಆ ದೊಡ್ಡದನ್ನು ಕಣ್ತುಂಬ ನೋಡಿದ. ಬೋಲ್ಟ್ ಹಿಂದಕ್ಕೆಳೆದು ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. "ನಡಿ," ಅಂದ ಅಕ್ಕನಿಗೆ. ಆಮೇಲೆ ನನಗೆ, "ನೀನೂ ಇಳಿಯೋ!"

ಇಳಿಯುತ್ತಿದ್ದೇವೆ. ಕಾಲ ಕೆಳಗೆ ಕಲ್ಲು ಜಾರುತ್ತಿದೆ. ಹಿಮ ಶುರುವಾಗಿದೆ, ಅದು ಎಲ್ಲ ಮುಚ್ಚುವ ಮೊದಲು ಆಚೆ ಮುಟ್ಟಬೇಕು. ತಾಗಿತೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ. ನೀವು ಕೂತಿರುವಲ್ಲಿಂದ ಅದು ಕಾಣುವುದಿಲ್ಲ. ಬೂಟು ಹಾಕಿಕೊಂಡು ಬನ್ನಿ.