ಅರವತ್ತನೆಯ ಹಲ್ಲು

ನನ್ನ ಪ್ರಬಂಧಕ್ಕೆ ಅರವತ್ತು ಹಲ್ಲು ಬೇಕಿತ್ತು. ರೂಟ್ ಕೆನಾಲ್ ಮಾಡುವಾಗ ಬೇರಿನ ನಾಳ ಕೆರೆಯಲು ಅರ್ಧ ಜನಕ್ಕೆ ಕೈಯಿಂದ ತಿರುಗಿಸುವ ಫೈಲು, ಅರ್ಧ ಜನಕ್ಕೆ ಮೋಟಾರಿನದು. ನಾಳ ಮುಚ್ಚಲು ಕೆಲವರಿಗೆ ಹಳೆಯ ಸೀಲರು, ಕೆಲವರಿಗೆ ಹೊಸದು. ಆಮೇಲೆ ವಾರದಲ್ಲಿ ನಾಲ್ಕು ಸಲ ನೋವೆಷ್ಟು ಎಂದು ಕೇಳಬೇಕು. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ನಮ್ಮ ದಂತ ಕಾಲೇಜಿನವರು ಬೈಲಹೊಂಗಲದಲ್ಲಿ ತೆರೆದ ಕ್ಲಿನಿಕ್ಕಿನಲ್ಲಿ ಬಗ್ಗಿ ಬಗ್ಗಿ ನನ್ನ ಬೆನ್ನು ಹೋಯಿತು. ಕಿತ್ತೂರಿನ ಮನೆ ಒಂದು ತಾಸಿನ ದಾರಿ. ಬುದ್ಧ ಪೂರ್ಣಿಮೆಗೂ ಹೋಗಿರಲಿಲ್ಲ. ಅರವತ್ತನೆಯ ಹಲ್ಲಿನ ಲೆಕ್ಕ ಸಿಕ್ಕರೆ ಪ್ರಬಂಧ ಒಪ್ಪಿಸಿ ಮನೆಗೆ ಹೋಗಿ ಮಲಗುವುದೊಂದೇ ನನ್ನ ಆಸೆಯಾಗಿತ್ತು.

ಆ ಹಲ್ಲು ಮುರಗೋಡದ ಕೃಷ್ಣವ್ವನದು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು. ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: "ಆರಾಮ ಅದೀನ್ರಿ. ಸೊನ್ನಿ ಬರ್ಕೋರಿ." ಮುರಗೋಡದ ಕಡೆಯ ಇಪ್ಪತ್ತೆರಡು ಮಂದಿಯೂ ಹೀಗೇ ಸೊನ್ನೆ ಹೇಳಿದ್ದರು. ಅವರಲ್ಲಿ ಹೆಚ್ಚಿನವರಿಗೆ ಬಿದ್ದದ್ದು ಹೊಸ ಸೀಲರು, ಅದೇ ಗೆದ್ದಿತು ಎಂದು ಗೈಡ್ ಸರ್ ಖುಷಿಯಲ್ಲಿದ್ದರು. ನನಗೂ ಬೇಡ ಅನಿಸಲಿಲ್ಲ.

ಏಳನೆಯ ದಿನ ಆಕೆ ತೋರಿಸಲು ಬಂದಳು. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದೆ.

"ನೋವು?"

"ಇಲ್ರಿ," ಎಂದಳು. ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯಿತು.

ನನಗೆ ಸಿಟ್ಟು ಬಂತು. "ಖರೇ ಹೇಳ್ರಿ ಕೃಷ್ಣವ್ವ. ಸುಳ್ಳು ಯಾಕ ಹೇಳಾಕ ಹತ್ತೀರಿ?"

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎರಡು ದಿನ ನಿದ್ದಿ ಇಲ್ಲ ತಂಗಿ. ರೊಟ್ಟಿ ಹಾಲಾಗ ನೆನಸಿ ತಿಂದೇನಿ. ಆದ್ರ ನೋವು ಅಂದ್ರ ನಿನ್ನ ಮಾರ್ಕ್ಸ್ ಕಡಿಮಿ ಆಗತಾವಂತಲ್ಲ. ಭರಮಪ್ಪ ಟಂಟಂನಾಗ ಎಲ್ಲಾರಿಗೂ ಹೇಳ್ಯಾನ. ಹುಡುಗಿ ಊಟಾ ಬಿಟ್ಟು ದುಡಿತಾಳ, ಪಾಸ್ ಆಗಿ ಮನಿಗಿ ಹೋಗಲಿ ಅಂತ."

ಭರಮಪ್ಪ ನನ್ನ ಏಳನೆಯ ಹಲ್ಲು, ಮುರಗೋಡದಿಂದ ಟಂಟಂ ರಿಕ್ಷಾ ಓಡಿಸುವವನು. ಹಾಗಾದರೆ ಅವನ ನಂತರ ಆ ಟಂಟಂ ಹತ್ತಿ ಬಂದವರೆಲ್ಲ ನನ್ನ ಮೇಲಿನ ಕರುಣೆಗೆ ಹಲ್ಲು ಕಚ್ಚಿ ಕೂತಿದ್ದಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಒಂದೂವರೆ ವರ್ಷ. ಅಳಬೇಕೆನಿಸಿದರೂ ಅಷ್ಟು ಶಕ್ತಿ ಇರಲಿಲ್ಲ.

ಬಣ್ಣದ ಕಾಗದ ಕಚ್ಚಿಸಿ ನೋಡಿದೆ. ಮೇಲಿನ ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರ ಉಳಿದಿತ್ತು. ಬಾಯಿ ಮುಚ್ಚಿದಾಗಲೆಲ್ಲ ಭಾರವೆಲ್ಲ ಅದೇ ಹಲ್ಲಿನ ಮೇಲೆ. ಫೈಲಿನ ತಪ್ಪಲ್ಲ, ಸೀಲರಿನ ತಪ್ಪಲ್ಲ, ಕೊನೆಯ ಹಲ್ಲು ಮುಗಿಯಿತಲ್ಲ ಎಂದು ಅವಸರ ಮಾಡಿದ ನನ್ನ ತಪ್ಪು. ಆಕೆ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಕೆರೆದು ಸರಿಮಾಡಿದೆ. ಆಕೆ ಎರಡು ಸಲ ಕಚ್ಚಿ ನೋಡಿ, ಅನುಮಾನದಿಂದ ಮೂರನೆಯ ಸಲವೂ ಕಚ್ಚಿದಳು.

"ಹಗರ ಆತು ತಂಗಿ."

ಈ ಸೊನ್ನೆಗಳನ್ನು ಹಾಗೇ ಬಿಟ್ಟರೆ ನಾಳೆಯೇ ಮನೆಗೆ ಹೋಗಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೆ ಇದನ್ನೇ ನಂಬಿ ನಾಳೆ ಇನ್ನೊಬ್ಬ ಡಾಕ್ಟರು ಇನ್ನೊಬ್ಬಳಿಗೆ ನೋವೇ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಾರೆ. ಫಾರ್ಮು ತೆಗೆದೆ.

"ಎರಡನೇ ದಿನ ನೋವು ಎಷ್ಟಿತ್ರಿ? ಖರೇ ಹೇಳ್ರಿ."

ಬೆರಳು ಮಡಿಚಿ ಎಣಿಸಿದಳು. "ಒಂಬತ್ತ ಇತ್ತ ನೋಡ."

ಸೊನ್ನೆ ಹೊಡೆದುಹಾಕಿ ಒಂಬತ್ತು ಬರೆದೆ. ಕೃಷ್ಣವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಕುರ್ಚಿಯಿಂದ ಎದ್ದು ಬಂದು, ಹಿಟ್ಟಿನ ವಾಸನೆಯ ಕೈಯನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ಒಂಬತ್ತು ಬ್ಯಾಡ ತಂಗಿ, ನಾಕು ಬರಿ," ಎಂದಳು. "ಉಳಿದದ್ದು ನಾ ಆಗಲೇ ತಡಕೊಂಡೇನಿ."